ಹೊಲಿದ ಮಾತು

ಹಾಡಿನ ನಾಲ್ಕು ನಿಮಿಷ ಹನ್ನೊಂದನೆಯ ಸೆಕೆಂಡಿಗೆ ತಿಮ್ಮಿ ದೊಡ್ಡಮ್ಮನ ದನಿ, ದೊಡ್ಡಮ್ಮ ಹೇಳದೇ ಇದ್ದ ಮಾತೊಂದನ್ನು ಹೇಳುತ್ತದೆ. ಇವತ್ತು ಸಂಜೆ ಐದಕ್ಕೆ, ಕುಮಟೆಯ ಸಭಾಗೃಹದಲ್ಲಿ, ಮುನ್ನೂರು ಜನರ ಎದುರಿಗೆ ಹೇಳುತ್ತದೆ. ಮುಂದಿನ ಸಾಲಿನಲ್ಲೆಲ್ಲೋ ಅಬ್ಬಲಿಗೆ ಮುಡಿದು ಕೂತ ದೊಡ್ಡಮ್ಮ ಅದನ್ನು ಕೇಳುತ್ತಾಳೆ. ಆ ಹೊತ್ತಿಗೆ ಅವಳ ಮಗ ಜಗದೀಶ ಇನ್ನೂ ಸಮುದ್ರದ ಮೇಲೇ ಇದ್ದರೆ? ಭಟ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಕುಮಟೆಯ ಬಸ್ಸು ಹತ್ತಿ, ಲ್ಯಾಪ್‌ಟಾಪಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಬಾಯಿಯ ಜಿಪ್ಪನ್ನು ತೆಗೆಯುತ್ತ ಹಾಕುತ್ತ ಕೂತ ದಿನಕರನಿಗೆ ಬೆಳಗಿನಿಂದ ತಲೆಯಲ್ಲಿ ಇದೊಂದೇ ಲೆಕ್ಕ ತಿರುಗುತ್ತಿತ್ತು. ಜಗದೀಶ ಮಧ್ಯಾಹ್ನಕ್ಕೆ ಬಂದುಬಿಟ್ಟರೆ ಎಲ್ಲ ಸರಿಹೋಯಿತು. ಬಾರದಿದ್ದರೆ ಎಂಬ ಜಾಗಕ್ಕೆ ಬಂದಾಗ ಅವನ ಬೆರಳು ಜಿಪ್ಪಿನ ಮೇಲೆ ನಿಂತುಬಿಡುತ್ತಿತ್ತು. ಬಲೆ ಇಳಿಸುವುದಕ್ಕೆ ಮಳೆಗಾಲದ ನಿಷೇಧ ಮುಗಿದು ಮೂರು ದಿನವಾಗಿತ್ತಷ್ಟೆ. ಗಾಳಿ ಇನ್ನೂ ಪೂರ್ತಿ ತಣಿದಿರಲಿಲ್ಲ. ಮುರ್ಡೇಶ್ವರ ದಾಟುವಾಗ ತೆಂಗಿನ ಮರಗಳೆಲ್ಲ ಒಂದೇ ಕಡೆ ತಲೆ ಒಗೆಯುತ್ತಿದ್ದುದನ್ನು ಕಂಡು ಅವನು ಕಿಟಕಿಯಿಂದ ಮುಖ ತಿರುಗಿಸಿದ.

ಪಕ್ಕದಲ್ಲಿ ಕೂತ ಹೆಬಳೆಯ ತರಕಾರಿಯವರು, ಬಸಳೆಯ ಕಟ್ಟನ್ನು ಕಾಲ ಸಂದಿಯಲ್ಲಿ ಒತ್ತಿಕೊಂಡವರು, ಚೀಲವನ್ನೇ ನೋಡುತ್ತಿದ್ದರು. “ಎಂತ ಕೆಲಸ ಮಾಡ್ತ್ರಿ?” ಎಂದರು. “ಸಂಗೀತ ಮಾಡ್ತೆ.” “ಭಜನೆಗನಾ?” “ಡ್ಯಾನ್ಸಿಗೆ. ಸಿನಿಮಾಕ್ಕೆ.” “ಯಾವ ಸಿನಿಮಾ?” ದಿನಕರ ಎರಡು ಹೆಸರು ಹೇಳಿದ. ಒಂದು ಬಿಡುಗಡೆಯೇ ಆಗಲಿಲ್ಲ. ಇನ್ನೊಂದರಲ್ಲಿ ಅವನು ಕಟ್ಟಿದ ಹಾಡು ಬೇರೆಯವರ ಹೆಸರಿನಲ್ಲಿ ಹೋಯಿತು. ಅವರು ಎರಡನ್ನೂ ಕೇಳಿರಲಿಲ್ಲ. “ಹಂಗಾರೆ ಮನೆ ಕಡೆ ಯಾರಾದ್ರೂ ದುಡಿಯೋರು ಇದ್ರು ಹೇಳಿ ಆತು,” ಎಂದು ಸಮಾಧಾನದಿಂದಲೇ ಹೇಳಿ ಬಸಳೆಯ ಕಡೆ ತಿರುಗಿದರು. ಇಂಥ ಮಾತಿಗೆ ನಗುವುದನ್ನು ದಿನಕರ ಕಲಿತು ಬಹಳ ವರ್ಷವಾಗಿತ್ತು. ಮದುವೆಯ ವೀಡಿಯೊಕ್ಕೆ, ಶಾಲೆಯ ಗ್ಯಾದರಿಂಗಿಗೆ, ಉಪ್ಪಿನಕಾಯಿಯ ಜಾಹೀರಾತಿಗೆ, ಯಾರು ಕರೆದರೂ ಹೋಗುವವನ ಮುಖದ ಮೇಲೆ ಆ ನಗು ಚರ್ಮದ ಹಾಗೆ ಕೂತಿರುತ್ತದೆ. ಕಿಸೆಯಲ್ಲಿದ್ದ ಇವತ್ತಿನ ಆಮಂತ್ರಣಪತ್ರವನ್ನು ಅವನು ಮತ್ತೆ ತೆಗೆದು ನೋಡಿದ. ನೃತ್ಯ ಸಂಯೋಜನೆ: ವಿದುಷಿ ಉಮಾ. ಗಾಯನ: ಶ್ರೀಮತಿ ತಿಮ್ಮಿ. ಕೊನೆಯ ಸಾಲಿನಲ್ಲಿ, ಶಾಮಿಯಾನದವರ ಹೆಸರಿನ ಪಕ್ಕ, ಧ್ವನಿವರ್ಧಕ: ದಿನಕರ, ಭಟ್ಕಳ. “ಅಯ್ಯೋ, ಪ್ರೆಸ್ಸಿನವರದು ತಪ್ಪು, ವೇದಿಕೆ ಮೇಲೆ ಸರಿಯಾಗಿ ಹೇಳ್ತೇವೆ,” ಎಂದಿದ್ದರು ಉಮಾ ಟೀಚರ್. ಅವನು ಆಗಲೂ ನಕ್ಕಿದ್ದ.

ಮೇ ತಿಂಗಳಲ್ಲಿ, ಈ ನೃತ್ಯದ ಹಾಡಿಗೆಂದು, ಹೊನ್ನಾವರದ ಹೊಳೆಯ ಈಚೆ ಕಾಸರಕೋಡಿನ ದೊಡ್ಡಮ್ಮನ ಮನೆಯ ಹಿಂದಿನ ಜಗಲಿಯಲ್ಲಿ ಎರಡು ಕೌದಿ ನೇತುಹಾಕಿ, ಕೋಳಿಗಳನ್ನು ಆಚೆ ಅಟ್ಟಿ, ಅವಳನ್ನು ನಡುವೆ ಕೂರಿಸಿ ಹಾಡಿಸಿ ಮುದ್ರಿಸಿಕೊಂಡಿದ್ದ. ಅವಳು ಕಣ್ಣು ಮುಚ್ಚಲಿಲ್ಲ, ಗಂಟಲು ಸರಿಮಾಡಿಕೊಳ್ಳಲಿಲ್ಲ. ಮೀನು ಹೆಚ್ಚುವಾಗ ಹೇಳಿಕೊಳ್ಳುವ ಹಾಗೆಯೇ ಹೇಳಿದಳು. ಬೆಳ್ಳಕ್ಕಿ ಸಾಲು ತಿರುಗಿತು ಮನೆಗೆ, ಉಬ್ಬರ ಬಂದು ತಾಗಿತು ದಡಕೆ, ಹೊನ್ನಿನ ತಟ್ಟೆ ಸೂರ್ಯ— ಅಲ್ಲಿ ಅವಳ ಬಾಯಿ ಮುಚ್ಚಿತು. ಅಂಗೈ ತೊಡೆಯ ಮೇಲೆ ಮೂರು ಸಲ ಬಿತ್ತು. ಆಮೇಲೆ, ದೀಪ ಹಚ್ಚೇ ತಂಗಿ ಒಳಗೆ. “ಒಂದು ಮಾತು ಬಿಟ್ಟೆ, ದೊಡ್ಡಮ್ಮ,” ಎಂದ ದಿನಕರ, ಗೊತ್ತಿದ್ದೂ. “ಬಿಟ್ಟದ್ದೇ. ಜಗ್ಗು ಹೊರಗೆ ಹೋಗಿದ್ದ, ಕಾಣೂದಿಲ್ಲನಾ ನಿಂಗೆ?” ಎಂದಳು ಅವಳು. ಆ ಮನೆಯಲ್ಲಿ, ಮನೆಯ ದೋಣಿ ಹೊಳೆಯ ಬಾಯಿಯ ಅಳಿವೆ ದಾಟಿ ಹೊರಗಿರುವ ತನಕ, ‘ಮುಳುಗು’ ಎಂಬುದನ್ನು ಯಾರೂ ಬಾಯಿಗೆ ತರುವುದಿಲ್ಲ. ಬಾವಿಯ ಕೊಡ ನೀರು ಕುಡಿಯುತ್ತದೆ. ಸೂರ್ಯ ಮನೆಗೆ ಹೋಗುತ್ತಾನೆ. ಹಾಡಿನಲ್ಲಿ ಆ ಮಾತು ಬಂದರೆ ಅದರ ಜಾಗವನ್ನು ಅಂಗೈ ತುಂಬುತ್ತದೆ. ಸಣ್ಣವನಿದ್ದಾಗ ಅದೇ ಜಗಲಿಯಲ್ಲಿ, ಬಾನಿಯ ನೀರಿನಲ್ಲಿ ತೇಲಿಬಿಟ್ಟ ತೆಂಗಿನ ಗೆರಟೆ ತಳ ಸೇರಿದ್ದನ್ನು ಕಂಡು ಏಳು ವರ್ಷದ ದಿನಕರ ಕೂಗಿಬಿಟ್ಟಿದ್ದ, ಮುಳುಗ್ತು, ಮುಳುಗ್ತು! ದೊಡ್ಡಮ್ಮ ಹೊಡೆಯಲಿಲ್ಲ. ಅಡುಗೆಮನೆಯಿಂದ ಹರಳುಪ್ಪು ತಂದು ಅವನ ನಾಲಗೆಯ ಕೆಳಗೆ ಇಟ್ಟು, “ದೋಣಿ ಬಪ್ಪು ತನಕ ಬಾಯಿ ಬಿಚ್ಚಬೇಡ ಮಗಾ, ಆತಾ?” ಎಂದಳು. ಹೇಳಿದವರು ಮಾತನ್ನು ಒಳಗೇ ಹಿಡಿದುಕೊಂಡಿರಬೇಕು, ಅಷ್ಟೇ ಅದರ ಪರಿಹಾರ. ದೀಪ ಹಚ್ಚುವ ತನಕ ಅವನು ಮೆಟ್ಟಿಲ ಮೇಲೆ ಕೂತಿದ್ದ. ಮಾತು ಇಲ್ಲದವನಿಗೆ ಕಿವಿಯೊಂದೇ ಉಳಿಯಿತು. ಒಂದೊಂದೇ ದೋಣಿಯ ಎಂಜಿನ್ನು ಬೇರೆ ಬೇರೆಯಾಗಿ ಕೇಳತೊಡಗಿತು. ಒಂದು ಕೆಮ್ಮುತ್ತಿತ್ತು, ಒಂದು ಅಕ್ಕಿ ಕುಟ್ಟಿದ ಹಾಗೆ, ಒಂದು ಪ್ರತಿ ಐದನೆಯ ಪೆಟ್ಟಿಗೆ ತಡೆದು. ಆ ತಡೆಯುವುದೇ ತಮ್ಮದು ಎಂದು ಎಲ್ಲರಿಗಿಂತ ಮುಂಚೆ ಎದ್ದು ಕೈ ತೋರಿಸಿದವನು ಅವನು. ಅವತ್ತೇ ತನಗೆ ಸಂಗೀತ ಹಿಡಿದದ್ದು ಎಂದು ಯಾರಾದರೂ ಸಂದರ್ಶನ ಮಾಡಿದರೆ ಹೇಳಬೇಕೆಂದು ಇಟ್ಟುಕೊಂಡಿದ್ದ. ಯಾರೂ ಮಾಡಿರಲಿಲ್ಲ.

ಜುಲೈಯಲ್ಲಿ ಉಮಾ ಟೀಚರ್ ಫೋನು ಮಾಡಿದ್ದರು. “ದಿನಕರ ಅವರೇ, ಎಲ್ಲ ಚೆಂದ ಉಂಟು. ಆದರೆ ಸೂರ್ಯ ಅಂತ ಹೇಳಿ ಸುಮ್ಮನಾಗಿಬಿಡ್ತಾರಲ್ಲ, ಅಲ್ಲಿ ಮಕ್ಕಳು ಎಂತ ಮಾಡ್ಬೇಕು? ಹದಿನೆಂಟು ಜನ ಒಟ್ಟಿಗೆ ಕೆಳಗೆ ಇಳೀಬೇಕು ನಂಗೆ. ಶಬ್ದ ಬೇಕು. ನಾಳೆ ಹತ್ತಕ್ಕೆ ಕಳಿಸ್ತೀರಾ?” ಆಗ ನಿಷೇಧದ ಕಾಲ. ಜಗದೀಶನ ದೋಣಿ, ಅದೇ ಹಳೆಯ ಎಂಜಿನ್ನಿನದು, ದಡದ ಮೇಲೆ ತೆಂಗಿನ ಮಡಲು ಹೊದ್ದು ಮಲಗಿತ್ತು. ಭಟ್ಕಳದಿಂದ ಹೊನ್ನಾವರದ ದಾರಿ ಎಷ್ಟು ಮಹಾ? ಹೋಗಿ ಕೇಳಿದ್ದರೆ ದೊಡ್ಡಮ್ಮ ಆ ಮಾತನ್ನು ಹತ್ತು ಸಲ ಹಾಡಿಕೊಡುತ್ತಿದ್ದಳು. ಆದರೆ ಮಳೆ ಹೊಡೆಯುತ್ತಿತ್ತು. ಹೋದರೆ ಉಣ್ಣದೆ ಬಿಡುವುದಿಲ್ಲ. ಉಣ್ಣುವಾಗ ಜಗದೀಶ ಎದುರಿಗೆ ಕೂತಿರುತ್ತಾನೆ, ದಿನಕರನಿಗೆ ಸಮುದ್ರದ ಮೇಲೆ ಹೊಟ್ಟೆ ತೊಳಸುತ್ತದೆಂದು ದೋಣಿಯಲ್ಲಿ ಅವನು ಕೂರಬೇಕಿದ್ದ ಹಲಗೆಯ ಮೇಲೆ ತಾನು ಹತ್ತಿದವನು, “ಎಂತ ಹೇಳ್ತದೆ ನಿನ್ನ ಸಿನ್ಮಾ?” ಎಂದು ಕೇಳುತ್ತಾನೆ, ಅದರಲ್ಲಿ ಚೇಷ್ಟೆ ಇರುವುದಿಲ್ಲ, ಅದೇ ಕಷ್ಟ. ದಿನಕರ ಹೋಗಲಿಲ್ಲ. ಕೋಣೆಯ ಬಾಗಿಲು ಹಾಕಿ ಕೂತ. ಮುತ್ತಿನಂಥ ಮೀನು ಎಂಬಲ್ಲಿಂದ ‘ಮು’ ಕತ್ತರಿಸಿದ. ಇರುಳು ಎಂಬಲ್ಲಿಂದ ‘ಳು’. ಬಾಗಿದ ತೆಂಗು ಎಂಬಲ್ಲಿಂದ ಬಾಲದ ತುಂಡು. ಮೂರನ್ನೂ ಒಂದರ ಪಕ್ಕ ಒಂದು ಇಟ್ಟು, ಶ್ರುತಿ ಎಳೆದು, ಉಸಿರು ಕೂಡಿಸಿ, ನಡುವಿನ ಹೊಲಿಗೆ ಕಾಣದ ಹಾಗೆ ತಿಕ್ಕಿ ತಿಕ್ಕಿ, ಕೆಳಗಿನ ಮನೆಯ ಕುಕ್ಕರು ಕೂಗಿದಾಗಲೆಲ್ಲ ನಿಲ್ಲಿಸಿ, ನಾಲ್ಕು ತಾಸು. ಕೊನೆಗೆ ಆಲಿಸಿದಾಗ ಅವಳೇ ಹೇಳಿದಳು, ಮುಳುಗಿದ, ದಣಿವಿನಲ್ಲಿ, ಸ್ವಲ್ಪ ಒಡೆದ ದನಿಯಲ್ಲಿ. ಅವನ ಮೈ ಜುಮ್ಮೆಂದಿತ್ತು. ಇಷ್ಟು ವರ್ಷದಲ್ಲಿ ತಾನು ಮಾಡಿದ ಅತಿ ಒಳ್ಳೆಯ ಕೆಲಸ ಇದು ಎಂದು ಅನಿಸಿ, ಎದ್ದು ಕೋಣೆಯೊಳಗೇ ಎರಡು ಸುತ್ತು ನಡೆದಿದ್ದ. ಆ ಸಂತೋಷ ನೆನಪಾದಾಗಲೇ ಈಗ ಹೆಚ್ಚು ನಾಚಿಕೆಯಾಗುತ್ತಿತ್ತು.

ಬಸ್ಸು ಕಾಸರಕೋಡಿಗೆ ಬಂದಾಗ ತಿರುವಿನಲ್ಲಿ ದೊಡ್ಡಮ್ಮ ನಿಂತಿದ್ದಳು. ನೇರಳೆ ಸೀರೆ, ಅಬ್ಬಲಿಗೆ, ಕೈಯಲ್ಲಿ ಪ್ಲಾಸ್ಟಿಕ್ ಕೊಟ್ಟೆಯೊಳಗೆ ಸುತ್ತಿದ ಮೊಬೈಲು. ನೀನು ಬರುವುದು ಬೇಡ ದೊಡ್ಡಮ್ಮ, ಜಗದೀಶ ಬಂದಾಗ ಮನೆಯಲ್ಲಿ ಯಾರಾದರೂ ಇರಬೇಕಲ್ಲ ಎಂದು ಹೇಳಲು ರಾತ್ರಿಯೆಲ್ಲ ಮಾತು ಜೋಡಿಸಿದ್ದ. ಮಾತು ಜೋಡಿಸುವುದರಲ್ಲಿ ಗಟ್ಟಿಗನಲ್ಲವೇ. ಅವಳು ಮೆಟ್ಟಿಲು ಹತ್ತಿ, ತರಕಾರಿಯವರಿಗೆ, “ಒಂಚೂರು ಸರೀನಿ ಒಡೆಯಾ, ನಮ್ಮ ಹುಡ್ಗನ ಹತ್ರ ಕೂತ್ಕಂತೆ,” ಎಂದು ಜಾಗ ಮಾಡಿಕೊಂಡು ಕೂತು, ಅವನ ಕೆನ್ನೆ ಮುಟ್ಟಿ, “ತಿಂದ್ಯನಾ?” ಎಂದಾಗ ಅದನ್ನೆಲ್ಲ ಬಿಟ್ಟು ಅವನು ಇಲ್ಲವೆಂದು ತಲೆ ಆಡಿಸಿದ. ಅವಳು ಚೀಲದಿಂದ ಕಾಗದದ ಕಟ್ಟು ತೆಗೆದು ಬಿಚ್ಚಿದಳು. ಸೌತೆಕಾಯಿಯ ಹೋಳು, ಒಂದು ಮೂಲೆಯಲ್ಲಿ ಮಡಚಿದ ಪೊಟ್ಟಣದಲ್ಲಿ ಹರಳುಪ್ಪು. “ಜಗ್ಗು ಫೋನು ಮಾಡಿದ್ನಾ?” ಎಂದು ಕೇಳಿದ. “ಮಧ್ಯಾಹ್ನಕ್ಕೆ ಬತ್ತೆ ಹೇಳಿ ಹೋಗಿದ್ದ. ಗಾಳಿ ಕಾಣ್ತಲೆ ಯಾವ್ದಾದ್ರೂ ಮರೆಗೆ ನಿಲ್ಸಿದ್ನೇನ,” ಎಂದಳು. ಮೊಬೈಲನ್ನು ಕೊಟ್ಟೆಯ ಮೇಲಿನಿಂದಲೇ ಒಮ್ಮೆ ಒರೆಸಿದಳು. ಬಸ್ಸು ಶರಾವತಿಯ ಸೇತುವೆ ಹತ್ತಿತು. ಪಡುಗಡೆಗೆ ಅಳಿವೆ, ಅದರಾಚೆ ಬೂದಿಯ ಬಣ್ಣದ ನೀರು, ಒಂದರ ಹಿಂದೊಂದು ಬಿಳಿ ನೊರೆಯ ಗೆರೆ. ದೊಡ್ಡಮ್ಮ ಆ ಕಡೆ ನೋಡಲಿಲ್ಲ. ಸೇತುವೆ ಮುಗಿಯುವ ತನಕ ಸೌತೆಕಾಯಿಗೆ ಉಪ್ಪು ಹಚ್ಚುತ್ತಲೇ ಇದ್ದಳು.

ಹೊನ್ನಾವರದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಇಳಿದು ಚಾ ಕುಡಿದರು. ದೊಡ್ಡಮ್ಮ ಬಿಸ್ಕೀಟನ್ನು ಅದ್ದಿ ಮೇಲೆತ್ತುವಷ್ಟರಲ್ಲಿ ಅರ್ಧ ಮುರಿದು ಲೋಟದೊಳಗೆ ಬಿತ್ತು. ಅವಳು ಬಗ್ಗಿ ನೋಡಿ, “ಹೋ, ಕೂತ್ಕಂತಲೆ ಒಳಗೆ! ಅದ್ಕೂ ಬಸ್ಸಾಗೆ ಕಾಲು ನೋವು ಬಂತು ಕಾಣ್ತದೆ,” ಎಂದು ನಕ್ಕಳು. ಅಂಗಡಿಯವಳೂ ನಕ್ಕಳು. ದಿನಕರ ನಗಲು ಹೋದ, ಆಗಲಿಲ್ಲ. ಒಂದು ಬಿಸ್ಕೀಟಿಗೂ ಆ ಮಾತು ಹೇಳದವಳು. ಈಗ ಹೇಳಿಬಿಡಬೇಕು, ಇಲ್ಲಿ, ಚಾದ ಲೋಟ ಹಿಡಿದುಕೊಂಡೇ. ದೊಡ್ಡಮ್ಮಾ, ಒಂದು ತಪ್ಪಾಗಿಹೋಗಿದೆ. ಹೇಳಿದರೆ ಅವಳು ಇಲ್ಲಿಂದಲೇ ತಿರುಗಿ ಮನೆಗೆ ಹೋದಾಳು. ಅಥವಾ, ತೆಗೆದುಬಿಡು ಮಗಾ, ಎಂದಾಳು. ತೆಗೆದರೆ ಹದಿನೆಂಟು ಹುಡುಗಿಯರು ಇಪ್ಪತ್ತು ದಿನದಿಂದ ಕಾಲಿಗೆ ಕಲಿಸಿದ್ದು ತಪ್ಪುತ್ತದೆ, ವೇದಿಕೆಯ ಮೇಲೆ ಒಬ್ಬರ ಮೈಗೆ ಒಬ್ಬರು ತಾಗುತ್ತಾರೆ. ಅದನ್ನು ಮಂಗಳೂರಿನಿಂದ ಬರುವ ಕೃಷ್ಣಾನಂದ ನೋಡುತ್ತಾರೆ. ಕೃಷ್ಣಾನಂದ ಕರಾವಳಿಯ ಮೇಲೊಂದು ಸಿನಿಮಾ ಮಾಡುತ್ತಿರುವವರು, ಸಂಗೀತಕ್ಕೆ ಯಾರನ್ನೂ ಇನ್ನೂ ಗೊತ್ತುಮಾಡದವರು. ದಿನಕರನ ಕೆಲಸ ಕೇಳಲೆಂದೇ ಇವತ್ತು ಬರುತ್ತೇನೆಂದು ಒಪ್ಪಿದವರು. ಮೂರು ವರ್ಷದಿಂದ ಇಂಥ ಒಬ್ಬರು ಬಂದು ಕೂರಲಿ ಎಂದು ಕಾದಿದ್ದ. “ಎಂತಾ? ಎಂತದೋ ಹೇಳೂಕೆ ಹೊರ್ಟೆ,” ಎಂದಳು ದೊಡ್ಡಮ್ಮ. “ಚಾ ಬಿಸಿ ಅದೆ,” ಎಂದ ಅವನು.

ಕುಮಟೆಯ ಸಭಾಗೃಹದಲ್ಲಿ ತ್ರ್ಯಂಬಕ ಎಂಬವನು ಧ್ವನಿಯ ಮೇಜಿನ ಹಿಂದೆ ಎಲೆ ಹಾಕುತ್ತ ಕೂತಿದ್ದ. “ಸೀಡಿ ತಂದೋರು ನೀವೇನಾ?” ಎಂದು ಪೆನ್‌ಡ್ರೈವ್ ಇಸಿದುಕೊಂಡ. ಅದರೊಳಗೆ ಎರಡು ಕಡತ ಇದ್ದವು. ಮಾತು ಇರುವುದೊಂದು, ಮೇ ತಿಂಗಳಲ್ಲಿ ಅವಳು ಹಾಡಿದ ಹಾಗೇ ಇರುವುದೊಂದು. ಯಾವುದು ಹಾಕುವುದು ಎಂದು ತ್ರ್ಯಂಬಕ ಕೇಳಿದಾಗ ದಿನಕರ, “ತಡೆ, ಟೀಚರನ್ನ ಒಂದು ಮಾತು ಕೇಳಿ ಬತ್ತೆ,” ಎಂದು ವೇದಿಕೆಯ ಹಿಂದೆ ಹೋದ. ಅಲ್ಲಿ ಹುಡುಗಿಯರ ಸಾಲು, ಗೆಜ್ಜೆ, ಪೌಡರಿನ ವಾಸನೆ. ಉಮಾ ಟೀಚರ್ ಒಬ್ಬಳ ಜಡೆಗೆ ಪಿನ್ನು ಚುಚ್ಚುತ್ತಿದ್ದರು. “ಟೀಚರ್, ಆ ಸೂರ್ಯನ ಹತ್ರ ಇರೋ ಶಬ್ದ… ಅದು ಇಲ್ಲದೆ ಮಾಡೂಕೆ ಆಗ್ತದಾ?” ಅವರು ಬಾಯಲ್ಲಿ ಕಚ್ಚಿದ್ದ ಪಿನ್ನು ತೆಗೆದು ಅವನನ್ನು ನೋಡಿದರು. “ಈಗಲಾ? ಅದೇ ಅಲ್ವಾ ನಮ್ಮ ಮುಖ್ಯ ಜಾಗ! ದೀಪಿಕಾ, ಆ ಮುಳುಗಿದ ತೋರ್ಸು ಇವರಿಗೆ.” ಹತ್ತು ಹನ್ನೆರಡು ವರ್ಷದ ಹುಡುಗಿ ಎರಡು ಅಂಗೈಯನ್ನು ತಟ್ಟೆಯ ಹಾಗೆ ಹಿಡಿದು, ಬಾಯಲ್ಲಿ ಆ ಮಾತನ್ನು ಹೇಳಿಕೊಳ್ಳುತ್ತ, ನಿಧಾನವಾಗಿ ಮಂಡಿಯ ಮೇಲೆ ಇಳಿದು ನೆಲಕ್ಕೆ ಹಣೆ ತಾಗಿಸಿದಳು. ಚೆಂದವಿತ್ತು. ತನ್ನ ಹೊಲಿಗೆಯ ಉದ್ದಕ್ಕೆ ಸರಿಯಾಗಿ ಅವಳ ಮೈ ಇಳಿದಿತ್ತು. “ಯಾಕೆ, ಏನಾದ್ರೂ ತೊಂದರೆ ಉಂಟಾ?” ಎಂದರು ಟೀಚರ್. ನಮ್ಮ ಮನೆಯ ದೋಣಿ ಹೊರಗೆ ಹೋಗಿದೆ ಎಂದು ಇವರಿಗೆ ಹೇಗೆ ಹೇಳುವುದು? “ಇಲ್ಲ, ಸುಮ್ನೆ ಕೇಳ್ದೆ,” ಎಂದು ಅವನು ನಕ್ಕ.

ಅವನಿಗೆ ಆಮೇಲೆ ಒಂದು ಉಪಾಯ ಹೊಳೆದಿತ್ತು, ಹೊಳೆದದ್ದೇ ಪುಣ್ಯವೆಂಬಂತೆ ಅದನ್ನು ಹಿಡಿದುಕೊಂಡು ತ್ರ್ಯಂಬಕನ ಪಕ್ಕ ಕೂತ. ಮಾತು ಇರುವ ಕಡತವನ್ನೇ ಹಾಕುವುದು. ನಾಲ್ಕು ಹನ್ನೊಂದಕ್ಕೆ ಸರಿಯಾಗಿ ಮೇಜಿನ ಮೇಲಿನ, ದನಿ ತಗ್ಗಿಸುವ ಗುಂಡಿಯನ್ನು ಕೆಳಗೆ ಎಳೆಯುವುದು, ಎರಡು ಸೆಕೆಂಡು, ಮತ್ತೆ ಮೇಲೆ. ಹಾಡು ತಪ್ಪಿದರೂ ಲೆಕ್ಕ ತಪ್ಪುವುದಿಲ್ಲ. ಹುಡುಗಿಯರ ಗೆಜ್ಜೆ ನಡೆಯುತ್ತಿರುತ್ತದೆ. ಕರೆಂಟು ಒಮ್ಮೆ ಕಣ್ಣು ಮಿಟುಕಿಸಿತು ಎಂದುಕೊಳ್ಳುತ್ತಾರೆ ಜನ. “ಸ್ವಲ್ಪ ಹೊತ್ತು ನಾನು ನೋಡ್ಕಂತೆ,” ಎಂದಾಗ ತ್ರ್ಯಂಬಕ, “ನೋಡ್ಕಳಿ, ನಂಗೂ ಕಾಲು ಜೋಮು ಹಿಡ್ದದೆ,” ಎಂದು ಎದ್ದು ಬಾಗಿಲ ಬಳಿ ಹೋದ. ಮೂರನೆಯ ಸಾಲಿನಲ್ಲಿ ಅಬ್ಬಲಿಗೆಯ ತಲೆ ಕಾಣುತ್ತಿತ್ತು. ತೊಡೆಯ ಮೇಲೆ ಇರಿಸಿದ ಮೊಬೈಲಿನ ಬೆಳಕು ಆಗಾಗ ಅವಳ ಗಲ್ಲದ ಅಡಿಯನ್ನು ಬೆಳಗಿ ಆರುತ್ತಿತ್ತು. ಬಂದಿರಲಿಲ್ಲ ಜಗದೀಶನ ಫೋನು. ಪರದೆ ಸರಿಯಿತು. ಕತ್ತಲಿನಲ್ಲಿ ಯಾರೋ ಬಂದು ತ್ರ್ಯಂಬಕನ ಖಾಲಿ ಕುರ್ಚಿಯಲ್ಲಿ ಕೂತರು, ಸಿಗರೇಟಿನ ಮತ್ತು ಪ್ರಯಾಣದ ವಾಸನೆ; “ಕೃಷ್ಣಾನಂದ,” ಎಂದು ಮೆಲ್ಲಗೆ ಹೇಳಿ ಕೈ ಕುಲುಕಿದರು. ಒಂದನೆಯ ನಿಮಿಷದಲ್ಲಿ ಬೆಳ್ಳಕ್ಕಿಗಳು ಬಂದವು. ಮೂರರಲ್ಲಿ ಉಬ್ಬರ ಬಂತು. ದಿನಕರನ ಬೆರಳು ಗುಂಡಿಯ ಮೇಲಿತ್ತು. ನಾಲ್ಕು ಐದು. ನಾಲ್ಕು ಎಂಟು. ಹೊನ್ನಿನ ತಟ್ಟೆ ಸೂರ್ಯ, ಎಂದಳು ದೊಡ್ಡಮ್ಮ ಮುನ್ನೂರು ಜನರ ತಲೆಯ ಮೇಲೆ. ಅವನ ಬೆರಳನ್ನು ಯಾರೂ ಹಿಡಿಯಲಿಲ್ಲ. ಕೃಷ್ಣಾನಂದ ಮಾತಾಡಿಸಲಿಲ್ಲ, ತ್ರ್ಯಂಬಕ ಕರೆಯಲಿಲ್ಲ. ಆಮೇಲೆ ಎಷ್ಟು ಹುಡುಕಿದರೂ ಹೇಳಿಕೊಳ್ಳಲು ಒಂದು ಕಾರಣವೂ ಅವನಿಗೆ ಸಿಗಲಿಲ್ಲ. ಪಕ್ಕದಲ್ಲಿ ಕೂತವರ ಉಸಿರು ನಿಂತದ್ದು ಕೇಳಿತು, ಅಷ್ಟೆ. ಆ ನಿಂತ ಉಸಿರು ತನ್ನದು, ತಾನು ಸಂಪಾದಿಸಿದ್ದು ಎನ್ನಿಸಿತು. ಬೆರಳು ಇದ್ದಲ್ಲೇ ಇತ್ತು. ಮುಳುಗಿದ, ಎಂದಿತು ದನಿ. ಹದಿನೆಂಟು ಹುಡುಗಿಯರು ಒಟ್ಟಿಗೆ ಇಳಿದರು. ಮೂರನೆಯ ಸಾಲಿನಲ್ಲಿ, ಮೊಬೈಲಿನ ಬೆಳಕಿನ ಮೇಲೆ, ದೊಡ್ಡಮ್ಮನ ಅಂಗೈ ತನ್ನ ರೂಢಿಯಂತೆ ತೊಡೆಯ ಮೇಲೆ ಒಂದು ಸಲ ಬಿತ್ತು, ಎರಡು ಸಲ ಬಿತ್ತು. ಮೂರನೆಯದಕ್ಕೆ ಎತ್ತಿದ್ದು ಹಾಗೇ ನಿಂತಿತು.

ಚಪ್ಪಾಳೆಯಾಯಿತು. ದೊಡ್ಡಮ್ಮನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಅವಳು ಫಲದ ಬುಟ್ಟಿಯನ್ನು ಮೀನಿನ ಬುಟ್ಟಿಯಂತೆ ಸೊಂಟಕ್ಕೆ ಇಟ್ಟುಕೊಂಡು ಕೈ ಮುಗಿದಳು. ದಿನಕರನ ಹೆಸರನ್ನು ಸರಿಯಾಗಿ ಹೇಳುತ್ತೇವೆಂದವರು ಮರೆತರು. ಕೃಷ್ಣಾನಂದ ಅವನನ್ನು ಬಾಗಿಲ ಹೊರಗೆ ಕರೆದುಕೊಂಡು ಹೋಗಿ ಭುಜ ಹಿಡಿದು ನಿಲ್ಲಿಸಿದರು. “ದಿನಕರ್, ಉಳಿದದ್ದೆಲ್ಲ ಸರಿ, ಚೆನ್ನಾಗಿದೆ. ಆದರೆ ಆ ಒಂದು ಮಾತು! ಎಷ್ಟು ವರ್ಷದ ದಣಿವು ಇದೆ ರೀ ಅದರಲ್ಲಿ. ನನ್ನ ಸಿನಿಮಾ ಅದರಿಂದಲೇ ಶುರುವಾಗ್ತದೆ. ಕಪ್ಪು ಪರದೆ, ಆ ಮಾತು, ಆಮೇಲೆ ಸಮುದ್ರ. ಆ ಅಮ್ಮನ ಹತ್ರ ಇನ್ನೂ ನಾಲ್ಕಾರು ಥರ ಹೇಳಿಸಿ ಕೊಡಿ.” ಇನ್ನೊಬ್ಬರನ್ನೂ ನೋಡಿಟ್ಟಿದ್ದಾರಂತೆ, ಮಂಗಳೂರಿನವರೇ, ನಿರ್ಮಾಪಕರಿಗೆ ಇವತ್ತೇ ಒಂದು ಹೆಸರು ಹೇಳಬೇಕಂತೆ. ಏಳೂವರೆಗೆ ಫೋನು ಮಾಡುತ್ತೇನೆ, ಆಯ್ತು ಅಂದರೆ ಆಯ್ತು, ಇಲ್ಲ ಅಂದರೆ ಇಲ್ಲ, ನನಗೆ ಎಳೆದಾಟ ಆಗದು ಎಂದರು. ದಿನಕರ ತಲೆ ಆಡಿಸಿದ. ಮೂರು ವರ್ಷ ಕಾದದ್ದು ಕೈಗೆ ಬಂದಿತ್ತು. ಅದು ಬಂದದ್ದು ಸರಿಯಾಗಿ ಆ ಮೂರು ತುಂಡುಗಳ ಮೇಲೆ ಕಾಲಿಟ್ಟುಕೊಂಡು.

ತಿರುಗಿ ಬರುವ ಬಸ್ಸಿನಲ್ಲಿ ಜನ ಕಡಿಮೆ ಇದ್ದರು. ದೊಡ್ಡಮ್ಮ ಕಿಟಕಿಯ ಬದಿ ಕೂತು, ಶಾಲನ್ನು ಮಡಚಿ ಬುಟ್ಟಿಯ ಮೇಲೆ ಇಟ್ಟು, ಅದರ ಅಂಚನ್ನು ಬೆರಳಲ್ಲಿ ತೀಡುತ್ತಿದ್ದಳು. ಕುಮಟೆಯಿಂದ ಹೊನ್ನಾವರದ ತನಕ ಅದೇ ಕೆಲಸ. ಕೇಳಲಿಲ್ಲವೇನೋ, ಗದ್ದಲದಲ್ಲಿ ಗಮನಿಸಲಿಲ್ಲವೇನೋ ಎಂದು ಅವನ ಎದೆ ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತಿತ್ತು. ಹೊನ್ನಾವರದ ಸ್ಟ್ಯಾಂಡು ಬಿಟ್ಟ ಮೇಲೆ ಅವಳು ಅವನ ಕಡೆ ತಿರುಗಿದಳು.

“ಮಗಾ, ಆ ಒಂದು ಮಾತು ಹೇಳ್ದೋಳು ಯಾರು?”

“ಯಾವ ಮಾತು?”

“ನಾ ಬಿಟ್ಟದ್ದು. ದನಿ ನಂದೇ ನಮ್ನಿ ಇತ್ತು. ಯಾರನ್ನ ಕರ್ದು ಹೇಳ್ಸಿದೆ?”

ಬಾಗಿಲು ತೆರೆದುಕೊಟ್ಟ ಹಾಗಾಯಿತು. ಅವನು ನುಗ್ಗಿದ. “ಒಬ್ಬಳು. ಬೇರೆ ಊರಿನವಳು. ಟೀಚರಿಗೆ ಆ ಮಾತು ಬೇಕೇ ಬೇಕಿತ್ತು, ದೊಡ್ಡಮ್ಮ.”

“ಯಾವೂರು?”

“ಅಘನಾಶಿನಿ ಬದಿ.”

ದೊಡ್ಡಮ್ಮ ಶಾಲಿನ ಅಂಚು ಬಿಟ್ಟಳು. “ಅವ್ಳ ಮನೆದು ದೋಣಿ ಹೊರಗೆ ಹೋಗಿದ್ಯಾ?” ಎಂದಳು. ಅವನು ಚೀಲದ ಜಿಪ್ಪು ಎಳೆದ. “ಅಲ್ದಾ, ಇವತ್ತು ಊರಿಗೆಲ್ಲ ಕೇಳೂ ಹಾಂಗೆ ಆ ಮಾತು ಹೇಳ್ಸಿದ್ಯಲ. ಅವ್ಳ ಮನೆ ಗಂಡ್ಸು ಹೊರಗೆ ಇದ್ರೆ? ಪಾಪ, ಅವ್ಳಿಗೆ ಗೊತ್ತೂ ಇಪ್ಪುದಿಲ್ಲ. ಒಂದು ಫೋನು ಮಾಡಿ ಕೇಳು ಮಗಾ. ಎಲ್ಲ ಬಂದ್ರಾ ಕೇಳು.”

“ಆಮೇಲೆ ಮಾಡ್ತೆ.”

“ಈಗ ಮಾಡು. ಒಬ್ಳು ಹೆಂಗ್ಸು ಅದು.”

ಅವನು ಫೋನು ತೆಗೆದ. ಯಾರಿಗೆ ಮಾಡುವುದು? ಸುಮ್ಮನೆ ಕಿವಿಗೆ ಹಿಡಿದು, ಬಂದ್ರಂತೆ ದೊಡ್ಡಮ್ಮ, ಎಲ್ಲ ಬಂದ್ರಂತೆ, ಎಂದರೆ ಮುಗಿಯಿತಲ್ಲ. ಆದರೆ ಅವನ ಹೆಬ್ಬೆರಳು ಹುಡುಕುತ್ತ ಹೋಗಿ ಜಗದೀಶನ ಹೆಸರಿನ ಮೇಲೆ ನಿಂತಿತು. ಆ ಮಾತು ಹೇಳಿದ ಹೆಂಗಸಿನ ಮನೆಯ ಗಂಡಸು ಬೇರೆ ಯಾರು? ಒತ್ತಿದ. ಸ್ವಲ್ಪ ಹೊತ್ತು ಬರೀ ಗಾಳಿ, ಆಮೇಲೆ ಒಂದು ಹೆಣ್ಣುದನಿ ಬಂತು. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ಆ ದನಿಯೂ ತುಂಡು ತುಂಡಾಗಿ ಹೊಲಿದದ್ದೇ; ‘ಹೊರಗಿದ್ದಾರೆ’ಯ ಮುಂಚೆ ಉಸಿರು ಸರಿ ಕೂಡಿರಲಿಲ್ಲ, ಅವನ ಕಿವಿಗೆ ಅದು ಗೊತ್ತಾಯಿತು. ದೊಡ್ಡಮ್ಮ ಹತ್ತಿರ ಬಗ್ಗಿದಳು. ಫೋನಿನೊಳಗಿನ ಹೆಂಗಸು ಮಾತಾಡುವುದು ಅವಳಿಗೂ ಕೇಳಿಸಿತ್ತು.

“ಎಂತ ಹೇಳ್ತ್ಲು ಅವ್ಳು? ಬಂದ್ರನಾ?”

ಅವನು ಫೋನನ್ನು ಕೆಳಗಿಳಿಸಿದ. “ದೊಡ್ಡಮ್ಮ,” ಎಂದ, “ಅವಳು ಅಂತ ಯಾರೂ ಇಲ್ಲ. ಅದು ನಿನ್ನ ದನಿಯೇ. ನೀನು ಹಾಡಿದ್ದರಲ್ಲೇ ಅಲ್ಲಿ ಇಲ್ಲಿ ಕತ್ತರಿಸಿ ನಾನೇ ಜೋಡಿಸಿದ್ದು.” ಹೇಳುತ್ತ ಹೋದ ಹಾಗೆ ದನಿ ಸಣ್ಣದಾಯಿತು. ಯಾವ ಸಾಲಿನಿಂದ ಯಾವ ಅಕ್ಷರ ಎಂಬುದನ್ನೂ ಹೇಳಿದ, ಅವಳು ಕೇಳದಿದ್ದರೂ. ಅವಳು ಬಯ್ಯಲಿ ಎಂದು ಕಾದ. ಬಸ್ಸಿನ ಗಾಜು ಗಡಗಡ ಎನ್ನುತ್ತಿತ್ತು. ದೊಡ್ಡಮ್ಮ ಅವನ ಬೆರಳುಗಳನ್ನೇ ನೋಡುತ್ತಿದ್ದಳು, ಅವುಗಳಲ್ಲಿ ಇನ್ನೂ ಏನಾದರೂ ಅಂಟಿಕೊಂಡಿದೆಯೇನೋ ಎಂಬ ಹಾಗೆ.

“ದೋಣಿ ಎರಡು ತಿಂಗ್ಳು ದಡದ ಮೇಲೇ ಇತ್ತಲ ಮಗಾ,” ಎಂದಳು ಕೊನೆಗೆ. “ಬಂದು ಕೇಳಿದ್ರೆ ನಾನೇ ಹೇಳ್ತಿದ್ನಲ.”

ಇಷ್ಟೇ ಅವಳು ಹೇಳಿದ್ದು. ಆಮೇಲೆ ಕಾಲ ಬಳಿಯ ಚೀಲ ಎತ್ತಿ, ಸೌತೆಕಾಯಿ ಕಟ್ಟಿ ತಂದಿದ್ದ ಕಾಗದ ಬಿಚ್ಚಿ, ಮೂಲೆಯಲ್ಲಿ ಉಳಿದ ಉಪ್ಪಿನಲ್ಲಿ ದೊಡ್ಡದೊಂದು ಹರಳು ಹುಡುಕಿದಳು. “ಹಂಗಾರೆ ಹೇಳ್ದೋನು ನೀನು. ನನ್ನ ಬಾಯಲ್ಲ. ಬಾ, ನಾಲ್ಗೆ ಎತ್ತು.” ನಲವತ್ತೊಂದು ವರ್ಷದ ದಿನಕರ, ಕಂಡಕ್ಟರು ನೋಡುತ್ತಿರುವಾಗ, ಬಾಯಿ ತೆರೆದ. “ಅವ ಬಪ್ಪು ತನಕ,” ಎಂದಳು. “ಆತಾ?”

ಬಸ್ಸು ಸೇತುವೆ ಹತ್ತಿತು. ಅಳಿವೆಯ ಕಡೆ ಇನ್ನೂ ಸ್ವಲ್ಪ ಬೆಳಕು ಉಳಿದಿತ್ತು. ಅವನ ಅಂಗೈಯೊಳಗಿನ ಫೋನು ಹೊಡೆದುಕೊಳ್ಳತೊಡಗಿತು. ಏಳೂವರೆ. ಕೃಷ್ಣಾನಂದ ಎಂಬ ಹೆಸರು ಬೆಳಗುತ್ತ ಆರುತ್ತ ಇತ್ತು. “ಜಗ್ಗುನಾ?” ಎಂದು ದೊಡ್ಡಮ್ಮ ಬಗ್ಗಿದಳು. ಅವನು ಅಲ್ಲವೆಂದು ತಲೆಯಾಡಿಸಿದ. “ಹಂಗಾರೆ ಇರ್ಲಿ ಬಿಡು.” ಒಂದು ‘ಆಯ್ತು’ ಸಾಕಿತ್ತು. ಉಪ್ಪನ್ನು ಕೆನ್ನೆಯ ಬದಿಗೆ ಸರಿಸಿ ಹೇಳಿಬಿಡಬಹುದಿತ್ತು, ಅವಳು ಕೈ ಹಿಡಿಯುತ್ತಿರಲಿಲ್ಲ. ಸಭಾಗೃಹದಲ್ಲೂ ಯಾರೂ ಅವನ ಬೆರಳು ಹಿಡಿದಿರಲಿಲ್ಲ. ಫೋನು ನಿಂತಿತು. ಮತ್ತೆ ಹೊಡೆದುಕೊಂಡಿತು. ನಾಲಗೆಯ ಕೆಳಗೆ ನೀರು ಉಕ್ಕಿ ಬಾಯೆಲ್ಲ ಸಮುದ್ರದ ರುಚಿಯಾಯಿತು. ಅವನು ತುಟಿ ಬಿಗಿದುಕೊಂಡು ಕೂತ. ಎರಡನೆಯ ಸಲವೂ ನಿಂತಿತು. ಮೂರನೆಯ ಸಲ ಬರಲಿಲ್ಲ.

ಸೇತುವೆಯ ನಡುವೆ ಎದುರಿನ ಲಾರಿಗೆ ದಾರಿ ಬಿಡಲು ಬಸ್ಸು ನಿಧಾನವಾಯಿತು. ಗಾಳಿ ತೆರೆದ ಕಿಟಕಿಯಿಂದ ಒಳಗೆ ಬಂತು. ಪಡುಗಡೆಯಿಂದ, ಬಹಳ ದೂರದಿಂದ, ಒಂದು ಎಂಜಿನ್ನಿನ ಸದ್ದು ಬಂದಂತಾಯಿತು, ಹೋಯಿತು, ಮತ್ತೆ ಬಂತು. ದಿನಕರ ಕಣ್ಣು ಮುಚ್ಚಿ ಎಣಿಸತೊಡಗಿದ. ಒಂದು, ಎರಡು, ಮೂರು, ನಾಲ್ಕು. ಐದನೆಯ ಪೆಟ್ಟು ಗಾಳಿಯಲ್ಲಿ ಹರಿದುಹೋಯಿತು, ತಡೆಯಿತೋ, ಇಲ್ಲವೋ. ಮತ್ತೆ ಮೊದಲಿನಿಂದ ಎಣಿಸಿದ. ಅವನಿಗಿಂತ ಮುಂಚೆ ಈ ಸದ್ದು ಯಾರಿಗೂ ಗುರುತು ಹತ್ತುವುದಿಲ್ಲವೆಂದು ಗೊತ್ತಿದ್ದ ದೊಡ್ಡಮ್ಮ ಕಿಟಕಿಯ ಕಡೆ ನೋಡದೆ, ಅವನ ಮುಖವನ್ನೇ ನೋಡುತ್ತ ಕೂತಿದ್ದಳು.